ಪಾಳಿಪಟ್ಟಿ

ಪಾಳಿಪಟ್ಟಿಯನ್ನು ಪೆನ್ಸಿಲ್ಲಿನಲ್ಲೇ ಬರೆಯುತ್ತಾರೆ
ನಮ್ಮ ಇನ್‌ಚಾರ್ಜ್ ಸರಸಮ್ಮ.
ನನ್ನ ಹೆಸರಿನ ಮುಂದೆ ಮೂರು ಬೆಳಗು, ಎರಡು ಸಂಜೆ,
ಆಮೇಲೆ ರಾತ್ರಿ, ರಾತ್ರಿ, ರಾತ್ರಿ.
ರಬ್ಬರು ಉಜ್ಜಿ ಉಜ್ಜಿ ಆ ಚೌಕದ ಕಾಗದ
ಹಳೆ ಹತ್ತರ ನೋಟಿನ ಹಾಗೆ ಸವೆದಿದೆ.

ಊರೆಲ್ಲ ಪೌಡರು ಹಚ್ಚಿಕೊಂಡು ಕೆಲಸಕ್ಕೆ ಹೊರಟಾಗ
ನಾನು ಬಸ್ಸಿನ ಸರಳಿಗೆ ಹಣೆ ಕೊಟ್ಟು ವಾಪಸು.
ಕಾಮಾಕ್ಷಿಪಾಳ್ಯ ಬಂತೆಂದು ಕಂಡಕ್ಟರು ಎಬ್ಬಿಸುತ್ತಾನೆ.
ಒಮ್ಮೆ ಮರೆತ. ಸುಂಕದಕಟ್ಟೆಯಲ್ಲಿ ಎಚ್ಚರವಾಯಿತು,
ಮಡಿಲಲ್ಲಿ ಖಾಲಿ ಡಬ್ಬಿ,
ಮುಷ್ಟಿಯಲ್ಲಿ ಸೊನ್ನೆ ರೂಪಾಯಿಯ ಟಿಕೆಟ್ಟು.

ಕಿಟಕಿಗೆ ಹಳೆ ಎಕ್ಸ್‌ರೇ ಹಾಳೆ ಅಂಟಿಸಿದ್ದೇನೆ.
ಬಿಸಿಲು ಏರಿದರೆ ಯಾರದೋ ಪಕ್ಕೆಲುಬು
ನನ್ನ ಹೊದಿಕೆಯ ಮೇಲೆ ಮೆಲ್ಲಗೆ ಸರಿಯುತ್ತದೆ.
ಕೆಳಗೆ ಲೇತ್ ಮಿಷನ್ನು,
ಬೀದಿಯಲ್ಲಿ ಮೈಕು: ನೂರಕ್ಕೆ ನಾಲ್ಕು ಕೆಜಿ ಈರುಳ್ಳಿ,
ಮಹಡಿ ಮೆಟ್ಟಿಲಲ್ಲಿ ಓನರ್ ಆಂಟಿ:
ಹೆಂಗಸು ಇಷ್ಟು ಹೊತ್ತು ಮಲಗ್ತಾಳಾ ಎಲ್ಲಾದರೂ?

ಬೀದರಿನಿಂದ ಅವ್ವ ಫೋನು ಮಾಡುತ್ತಾಳೆ.
ಉಂಡೀಯೇನವಾ ಎಸ್ತರ್?
ಯಾವ ಊಟ ಅವ್ವಾ?
ನಾಲ್ಕು ಗಂಟೆಗೆ ಎದ್ದು ತಿಂದ ಅನ್ನಕ್ಕೆ
ನಿಮ್ಮಲ್ಲಿ ಏನು ಹೆಸರು?

ಮಗ ಟಿವಿಯ ದನಿ ತೆಗೆದು ಕಾರ್ಟೂನು ನೋಡಲು ಕಲಿತಿದ್ದಾನೆ.
ನಗು ಬಂದರೆ ದಿಂಬಿಗೆ ಮುಖ ಒತ್ತಿಕೊಳ್ಳುತ್ತಾನೆ.
ನನಗೆ ಆ ದಿಂಬೇ ಕೇಳಿಸುತ್ತದೆ.

ತಿಂಗಳದ್ದೂ ಈಗ ದಾರಿ ತಪ್ಪಿದೆ,
ಒಮ್ಮೆ ಇಪ್ಪತ್ತಕ್ಕೆ, ಒಮ್ಮೆ ಐವತ್ತಕ್ಕೆ.
ಅದನ್ನೂ ಯಾರೋ ಪೆನ್ಸಿಲ್ಲಿನಲ್ಲಿ ಬರೆಯುತ್ತಿರಬೇಕು.

ಮೂರು ನಲವತ್ತು. ದೇಹಕ್ಕೆ ಕರೆಂಟು ಹೋಗುವ ಹೊತ್ತು.
ಹನಿ ಎಣಿಸುತ್ತಿದ್ದೆ, ಹದಿನಾರರ ನಂತರ ಹದಿನಾಲ್ಕು ಬಂತು.
ಮತ್ತೆ ಒಂದರಿಂದ.
ಔಷಧಿಯ ಹೆಸರು ಮೂರು ಸಲ ಓದುತ್ತೇನೆ,
ನಾಲ್ಕನೆಯ ಸಲ ನಾಗವೇಣಿಯ ಕೈಲಿ ಓದಿಸುತ್ತೇನೆ.
ಓದಲು ಬರಲ್ವಾ ಅಂತ ಅವಳು ಈಗ ನಗುವುದಿಲ್ಲ,
ಅವಳದ್ದನ್ನು ನಾನು ಓದುತ್ತೇನೆ.

ಒಂಬತ್ತನೇ ಮಂಚದ ಚಿಕ್ಕಹೊನ್ನಮ್ಮ
ಮೂವತ್ತು ವರ್ಷ ಮಾಗಡಿ ರಸ್ತೆ ಗುಡಿಸಿದವಳು,
ಕತ್ತಲು ಅವಳಿಗೆ ಹೊಸದಲ್ಲ.
ಬಿಪಿ ನೋಡಿ ಪಟ್ಟಿ ಬಿಚ್ಚುವಾಗ ಕೈ ಹಿಡಿದಳು:
ನಿಂದೂ ನೋಡ್ಕೊಳವ್ವ.
ಮೂರು ದಿನದಿಂದ ನೋಡ್ತಾ ಇವ್ನಿ,
ಗೋಡೆ ಹಿಡ್ಕೊಂಡು ನಡೀತೀಯ.

ಅವಳ ತೋಳಿನ ಬಿಸಿ ಆರುವ ಮೊದಲೇ
ಪಟ್ಟಿ ನನ್ನ ತೋಳಿಗೆ ಬಿಗಿಯಿತು.
ನೂರೈವತ್ತೆಂಟು. ಕೆಳಗಿನದು ನೂರೆರಡು.
ನನಗೆ ಮೂವತ್ತಾರು.
ರೋಗಿಯದಾಗಿದ್ದರೆ ಡ್ಯೂಟಿ ಡಾಕ್ಟರನ್ನು ಎಬ್ಬಿಸುತ್ತಿದ್ದೆ.
ಬರೆಯೋಣವೆಂದರೆ ನನಗೆ ಮಂಚದ ನಂಬರಿಲ್ಲ.
ಎಡ ಅಂಗೈಯಲ್ಲಿ ಬರೆದುಕೊಂಡೆ.
ಹತ್ತನೆಯ ಮಂಚಕ್ಕೆ ಹೋಗುವ ಮುನ್ನ
ಕೈಗೆ ಸ್ಯಾನಿಟೈಸರು ಸುರಿದು ಉಜ್ಜಿದೆ, ಅಭ್ಯಾಸ.
ಉಳಿದದ್ದು ಬರೀ ನೀಲಿ.

ಬೆಳಗ್ಗೆ ಸರಸಮ್ಮನಿಗೆ ಒಪ್ಪಿಸುತ್ತ ಬಂದೆ,
ಮಂಚ ಒಂದು, ಮಂಚ ಎರಡು, ಇಪ್ಪತ್ತೆರಡರ ತನಕ,
ಅಂಗೈ ಚಾಚಿ ಹೇಳಿದೆ: ಇದು ನನ್ನದು.
ಅವರು ನೀಲಿಯನ್ನು ನೋಡಿದರು. ಎಷ್ಟಿತ್ತು?
ಹೇಳಿದೆ.
ಕೈಚೀಲದಿಂದ ಮಾತ್ರೆಯ ಹಾಳೆಯೊಂದನ್ನು ತೆಗೆದರು,
ಅರ್ಧ ಖಾಲಿ. ಹನ್ನೆರಡು ವರ್ಷ ಆಯ್ತು ಎಂದರು,
ನಿನಗೆ ಕೊಡಲ್ಲ, ಡಾಕ್ಟರಿಗೆ ತೋರಿಸು.

ಆಮೇಲೆ ಕನ್ನಡಕ ಏರಿಸಿ ಪಟ್ಟಿಯತ್ತ ತಿರುಗಿ
ನಾಳೆಯ ಚೌಕಕ್ಕೆ ರಬ್ಬರು ಇಟ್ಟು
ಎಂದಿಗಿಂತ ತುಸು ಒತ್ತಿಯೇ ಉಜ್ಜಿದರು.
ಕಾಗದ ಹರಿಯಿತು.
ತೂತಿನಲ್ಲಿ ವಾರ್ಡಿನ ಗೋಡೆಯ ಹಸಿರು.

ಅಯ್ಯೋ ಅಂದರು. ನಾಗವೇಣಿ ನಕ್ಕಳು.
ಹಸಿರನ್ನು ರಜೆ ಎಂದು ಓದಬೇಕೋ, ರಾತ್ರಿ ಎಂದೋ
ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.
ಎಂಟೂ ಹತ್ತರ ಬಸ್ಸಿಗೆ ಹೊತ್ತಾಗಿತ್ತು.